ಸುಯ್

ತಾರ್ತುವಿನ ಮರದ ಮನೆ. ನೆಲಮಾಳಿಗೆಯಲ್ಲಿ
ಹೆಲ್ದುರ್ ಹಳೇ ಕುರ್ಚಿಗಳಿಗೆ ಬಣ್ಣ ಊದುತ್ತಾನೆ.
ಮಹಡಿಯ ಮಾರೆ, ರಾತ್ರಿಪಾಳಿಯ ನರ್ಸು,
ಬೆಳಗ್ಗೆ ನಿದ್ದೆಗೆ ಜಾರುವ ಹೊತ್ತಿಗೇ
ಕೆಳಗೆ ಕಂಪ್ರೆಸರ್ರು ಢಗಢಗ ಢಗಢಗ.

ಬೈಯಲಿಲ್ಲ ಅವಳು. ಅವನ ಬಾಗಿಲಿಗೆ
ಹಳೆಯದೊಂದು ಹಾಸಿಗೆ ಒರಗಿಸಿ ಹೋದಳು, ಅಷ್ಟೆ.

ಕಾಲಡಿಗೆ ಟೈರಿನ ತುಂಡು,
ಸುತ್ತ ಹಲಗೆಯ ಗೂಡು, ಒಳಮೈಗೆ ಅದೇ ಹಾಸಿಗೆ ಕುಯ್ದು;
ಉಸಿರಿಗೊಂದು ಕೊಳವೆ, ಕಿಟಕಿಯಾಚೆ ಹಿಮದ ಗಾಳಿಗೆ.
ಕಿಂಡಿಯೊಂದನ್ನು ಬಿಟ್ಟ:
ಪೂರ್ತಿ ಬಾಯಿ ಕಟ್ಟಿದರೆ
ಯಂತ್ರವೂ ಒಳಗೇ ಬೆಂದುಹೋಗುತ್ತದೆ.

ಗುಂಡಿ ಒತ್ತಿದ. ಪಕ್ಕದ ಕೋಣೆಯಲ್ಲಾರೋ ಗೊರಕೆ ಹೊಡೆದಂತೆ.

ಆಗ ಕೇಳಿಸಿತು, ಹನ್ನೊಂದು ವರ್ಷದಲ್ಲಿ ಮೊದಲ ಸಲ,
ಪೈಪಿನ ಸಂದಿಯಲ್ಲಿ ಸಣ್ಣಗೆ
ಸುಯ್...
ಇದಕ್ಕೇ ಅಲ್ಲವೇ ಯಾರೂ ಮುಟ್ಟದೆ
ನಡುರಾತ್ರಿ ತಾನಾಗಿ ಎದ್ದು ಕೂಗುತ್ತಿದ್ದದ್ದು!

ಬೆರಳು ಅದುಮಿ ನಿಂತ.
ಮೇಲೆ ಮಂಚ ಕಿರುಗುಟ್ಟಿತು; ಮಗ್ಗುಲು ಬದಲಿಸಿದಳು.