ಬೆಂದಮೇಲೆ ಪಾಲು

ಮಂಡಿಪೇಟೆಯ ಸಂದಿಯಲ್ಲಿ ಚಮನ್‌ಸಾಬರು
ಖಾಲಿ ಪೆಟ್ಟಿಗೆಯನ್ನು ಗೆಣ್ಣಿಂದ ಬಡಿದು ಕೇಳಿದರು:
ದನಿ ಎಲ್ಲಿ ಒಡೀಬೇಕು, ಹೇಳ್ರಿ.
ಆಂಪ್ಲಿಫೈಯರಿಗೂ ಮುಂಚೆ ಒಡೆದ್ರೆ ಆಕ್ಟಿವ್,
ದಪ್ಪ ದನಿಗೊಂದು ಒಲೆ, ಸಣ್ಣ ದನಿಗೊಂದು,
ಯಾರ ಹಂಗೂ ಯಾರಿಗಿಲ್ಲ.
ಪ್ಯಾಸಿವ್ ಅಂದ್ರೆ ಬೆಂದಮೇಲೆ ಪಾಲು. ಒಂದೇ ಒಲೆ;
ಸುರುಳಿಯಾಗ ಒಂದೀಟು ಕಾವು ಸೋರ್ತತಿ, ಸುಳ್ಳು ಹೇಳಲ್ಲ.

ಎರಡು ಆಂಪ್ಲಿಫೈಯರಿಗಾಗುವಷ್ಟು ದುಡ್ಡು ಜೇಬಿನಲ್ಲಿತ್ತು.

ಹೋದ ವರ್ಷ ಅಣ್ಣನೂ ನಾನೂ
ನಡುಮನೆಗೆ ಗೋಡೆ ಎಬ್ಬಿಸಿದೆವು.
ಒಂಬತ್ತಿಂಚು, ಎರಡೂ ಕಡೆ ಗಾರೆ.
ಅವನ ಕೆಮ್ಮು ದಾಟಿ ಬರುತ್ತದೆ,
ಅವನ ಮಗಳ ಗೆಜ್ಜೆ ಬರುವುದಿಲ್ಲ.

ಪ್ಯಾಸಿವ್ ಇರಲಿ, ಅಂದೆ.

ಮಿಲ್ಲಿನಲ್ಲಿ ಮೂವತ್ತು ವರ್ಷ ನೂಲು ಸುತ್ತಿದ ಕೈ
ತಾಮ್ರ ಸುತ್ತತೊಡಗಿತು.
ನೂರಾ ಹನ್ನೊಂದು, ನೂರಾ ಹನ್ನೆರಡು...
ಮಾತಾಡಿಸಬ್ಯಾಡ್ರಿ, ಲೆಕ್ಕ ತಪ್ತತಿ.