ಖಾಲಿ ತೂಕ

ಮೂರು ವಾರವಾಯಿತು. ಇನ್ನೂ ಅದೇ ಸದ್ದು:
ಬಾಗಿಲಡಿಗೆ ಸಿಕ್ಕ ಮರಳು ಕಾಳಿನ ಸದ್ದು,
ಡಬ್ಬಿಯ ತಳ ಕೆರೆಯುವ ಚಮಚದ ಸದ್ದು.
ಪಕ್ಕದ ಮನೆಯ ಹುಸೇನಮ್ಮ ಗೋಡೆ ಬಡಿದು
‘ಯಣ್ಣಾ, ರಾತ್ರಿ ಹೊತ್ತಿನಾಗ ಬೀರು ಎಳದಾಡಾಕ ಹತ್ತೀರೇನು?’
ಅಂದಳು.
ಹೂಂ ಅಂದೆ. ಡಬಲ್ ಬಾಸ್ ಅಂದರೆ
ಮತ್ತೆರಡು ಪ್ರಶ್ನೆ.

ಕಂಟೋನ್ಮೆಂಟಿನ ಚರ್ಚಿನ ಅಟ್ಟದಿಂದ ಇದನ್ನು ಇಳಿಸಿದ ದಿನ
ಇನ್ನಾಸಪ್ಪ ಮೇಷ್ಟ್ರು ನನ್ನ ಎತ್ತರ ನೋಡಿದರು, ವಿದ್ಯೆ ಕೇಳಲಿಲ್ಲ.
‘ಚೌರಪ್ಪಾ, ನಿನಗೆ ಸ್ಟೂಲು ಬೇಕಾಗಂಗಿಲ್ಲ, ತಗೋ.’
ಆಟೋದವ ಹೊರಗೆ ಕುತ್ತಿಗೆ ಚಾಚಿದ್ದ ಅದಕ್ಕೂ
ಒಂದು ಸೀಟಿನ ಬಾಡಿಗೆ ಹಿಡಿದ.

ಮೊದಲು ರಾಳ ಸಾಲದೆಂದುಕೊಂಡೆ.
ತಿಕ್ಕಿದೆ, ತಿಕ್ಕಿದೆ, ತೊಡೆ ಮೇಲೆಲ್ಲ ಹಿಟ್ಟು ಉದುರಿತು.
ಸದ್ದು ಇನ್ನೂ ಒರಟಾಯಿತು.
ಆಮೇಲೆ ರಾಳ ಹೆಚ್ಚೆಂದುಕೊಂಡೆ.
ತಂತಿ ಒರೆಸಿದ ಬಟ್ಟೆ ಕೆಂಪಾಗಿತ್ತು.
ರಾಳ ಬಿಳಿ, ಕೆಂಪು ಈ ಊರಿನದು:
ಅದಿರು ಲಾರಿಗಳು ಕಿಟಕಿಯಿಂದ ದಿನವೂ
ನನ್ನ ಕಮಾನಿಗೆ ಒಂದಿಷ್ಟು ಹಚ್ಚಿ ಹೋಗುತ್ತವೆ.
ಮೇ ಬಂತು, ರಾಳ ಬೆಲ್ಲದಚ್ಚಿನಂತೆ ಬೆವರಿತು.
ಮಣ್ಣಿನ ಗಡಿಗೆಯ ಮಗ್ಗುಲಲ್ಲಿ ಇಟ್ಟೆ.

ಕುದುರೆ ಬಾಲದ ಕೂದಲು ಕೈಯಲ್ಲಿ,
ಕುದುರೆ ಎಂದೇ ಕರೆಸಿಕೊಳ್ಳುವ ಮರದ ತುಂಡು ತಂತಿಯ ಕೆಳಗೆ.
ನಡುವೆ ನಾನು,
ಜಟಕಾ ಒಮ್ಮೆಯೂ ಹೊಡೆದವನಲ್ಲ.
ಕುದುರೆಯ ಹತ್ತಿರ ಎಳೆದರೆ ಸೀಳು ಕೂಗು,
ದೂರ ಎಳೆದರೆ ಬರೀ ಗಾಳಿ.
ಓರೆ ಹೋಗುತ್ತಿದೆಯೆಂದು ಕನ್ನಡಿ ಮುಂದೆ ನಿಂತೆ.
ಕಮಾನು ನೇರವಿತ್ತು. ಮುಖ ಮಾತ್ರ
ಕಲ್ಲು ಎತ್ತುವವನ ಮುಖ.

‘ಒತ್ತಬ್ಯಾಡ’ ಅಂದರು ಮೇಷ್ಟ್ರು.
ಒತ್ತದಿದ್ದರೆ ಜಾರುತ್ತದಲ್ಲ?
‘ಹಗುರಾಗು ಅಂದೆನೇನು? ಒತ್ತಬ್ಯಾಡ ಅಂದೆ.’
ಅಷ್ಟು ಹೇಳಿ ಬೀಡಿ ಹಚ್ಚಿದರು.

ನನ್ನ ಕೆಲಸ ತೂಕದ್ದು.
ಹೊಸಪೇಟೆ ರಸ್ತೆಯ ವೇಬ್ರಿಜ್ಜು, ಎರಡನೇ ಪಾಳಿ.
ಲಾರಿ ಹತ್ತುತ್ತದೆ, ಅಂಕಿ ಕುಣಿಯುತ್ತದೆ,
ನಾನು ಕಿಟಕಿಯಿಂದ ಕೂಗುತ್ತೇನೆ:
ಇಂಜಿನ್ ಆರಿಸು, ಬ್ರೇಕ್ ಬಿಡು, ಕೆಳಗಿಳಿ.
ಹದಿನಾಲ್ಕು ವರ್ಷದಿಂದ ಕೂಗಿದ್ದೇನೆ.
ಬುಧವಾರ ರಾತ್ರಿ ಕೂಗಿದ ಮೇಲೆ
ಬಾಯಿ ಹಾಗೇ ತೆರೆದಿತ್ತು.

ನನ್ನ ಭುಜದ ಬ್ರೇಕ್ ಬಿಟ್ಟೇ ಇರಲಿಲ್ಲ.
ಒಂದು ಕೈಯೇ ತನ್ನನ್ನು ತಾನು ಮೇಲೆ ಹಿಡಿದುಕೊಂಡು
ತಂತಿಯನ್ನೂ ಕೆಳಗೆ ಒತ್ತುತ್ತಿತ್ತು.

ಪಾಳಿ ಮುಗಿಸಿ ಬರುವಾಗ ಎರ್ರಿಸ್ವಾಮಿಯ ಕಿರಾಣಿ ಅಂಗಡಿ
ಅರ್ಧ ಷಟರ್ ಇಳಿಸಿತ್ತು.
ಬಗ್ಗಿ ಒಳಹೋಗಿ ತಕ್ಕಡಿ ಮೇಲೆ ಬಲಗೈ ಇಟ್ಟೆ.
ನಾಲ್ಕುನೂರು ಗ್ರಾಮು.
‘ಸರಿಯಾಗಿ ಇಡು ಮಾರಾಯಾ’ ಅಂದ, ನಿದ್ದೆಗಣ್ಣಿನವ.
ಬಿಟ್ಟೆ. ಭುಜದಿಂದ ಬಿಟ್ಟೆ, ಮೊಣಕೈ ಬಿಟ್ಟೆ.
ಎರಡು ಕಿಲೋ ಎಂಟುನೂರು.
ಇಷ್ಟು ಕಾಲ ಯಾರಿಗೂ ಕೊಡದೆ ಇಟ್ಟುಕೊಂಡಿದ್ದೆ ಇದನ್ನು.
ಎರ್ರಿಸ್ವಾಮಿ ಕೇಳಿದ: ‘ಏನು ಕಟ್ಟಲಿ?’

ಮನೆ. ದೀಪ ಹಾಕಲಿಲ್ಲ.
ನಾಲ್ಕನೇ ತಂತಿ, ಬಾವಿ ಹಗ್ಗದ ತಮ್ಮ,
ಏಳಲು ಹೊತ್ತು ಬೇಕು ಅದಕ್ಕೆ.
ಕಮಾನು ಇಟ್ಟೆ. ಎಳೆಯಲಿಲ್ಲ.
ಕೈ ಸತ್ತವರ ಕೈಯಷ್ಟು ಭಾರವಾಗುವವರೆಗೆ ಕಾದೆ.
ಆಮೇಲೆ ಎತ್ತಿನ ಬಂಡಿಯ ವೇಗದಲ್ಲಿ
ಬಲಕ್ಕೆ.

ಮೊದಲು ಕಾಲಿಗೆ ಬಂತು, ಕಿವಿಗಲ್ಲ.
ಗಡಿಗೆಯ ನೀರಿಗೆ, ಅದರ ಮೇಲಿನ ಲೋಟಕ್ಕೆ,
ಕೊನೆಗೆ ನನಗೆ.
ಅರ್ಧ ಕಮಾನು, ಅಷ್ಟೇ.
ತುದಿಗೆ ಹೋಗಿ ತಿರುಗುವಾಗ
ಹಳೆಯ ಮರಳು ಕಾಳು ಕರ್ರ್ ಎಂದಿತು.
ಇರಲಿ.

ಗೋಡೆಯಾಚೆ ಹುಸೇನಮ್ಮ ಪಾತ್ರೆ ತೊಳೆಯುತ್ತಿದ್ದಳು.
ಆ ಸದ್ದು ನಿಂತಿತು.
ಸ್ವಲ್ಪ ಹೊತ್ತಿನ ಮೇಲೆ, ನಿಧಾನಕ್ಕೆ,
ಮತ್ತೆ ಶುರುವಾಯಿತು.