ಳ ಇಲ್ಲದ ಮಶೀನು

ಹತ್ತು ರೂಪಾಯಿ ತಿಕೀಟು. ಅರವತ್ತು ದಾಟಿದವರಿಗೆ ಐದು.
ಬಚ್ಚಲಮನಿ ಇದ್ದ ಜಾಗಾದಾಗ ಈಗ ತಿಕೀಟಿನ ಕಿಟಕಿ.
ಬೋರ್ಡಿನ ಅಧ್ಯಕ್ಷರು ಎಣ್ಣಿ ಹಚ್ಚಿಸಿಕೊಂಡು ಕೂಡತಿದ್ದ ಕಲ್ಲು
ಮೆಟ್ಟಲಾಗಿ ಹೋಗೇತಿ.
ಚಪ್ಪಲಿ ಇಲ್ಲೇ ಬಿಡ್ರಿ, ಅಂದ್ರು.
ಆವಾಗೂ ಇಲ್ಲೇ ಬಿಡತಿದ್ದೆ.

ರೇಷ್ಮಾ ಮುಜಾವರ ಅಂತ ಹುಡುಗಿ, ಕೊರಳಾಗ ಗುರುತಿನ ಚೀಟಿ,
ತೋರಿಸಿಕೋತ ಮುಂದ ನಡದಳು.
"ಇದು ದರ್ಬಾರ ಹಾಲ್, ಆಯಿ. ಈಗ ಶನಿವಾರ ತಬಲಾ ಕ್ಲಾಸು."
ಎಂಟು ಹುಡುಗರು ತೀನ್‌ತಾಲ ಬಡೀತಿದ್ದರು,
ಒಬ್ಬಂವ ಯಾವಾಗಲೂ ಒಂದು ಮಾತ್ರೆ ಹಿಂದ.
ದರ್ಬಾರ ಅಲ್ಲ ತಂಗಿ, ಇದು ಕಾಯೋ ಖೋಲಿ.
ತಿಕೋಟಾದವರು, ಬಬಲೇಶ್ವರದವರು, ತಾಳಿಕೋಟಿಯವರು
ಅರ್ಜಿ ಹಿಡಕೊಂಡು ಗ್ವಾಡಿಗೆ ಆತು ಕೂಡತಿದ್ದರು.
ಗ್ವಾಡಿ ಮ್ಯಾಲ ತಲಿಎಣ್ಣಿ ಕಲೆ ಒಂದು ಸಾಲು:
ಬೆನ್ನು ನೆಟ್ಟಗ ಇದ್ದವರದು ಮ್ಯಾಲ, ಬಗ್ಗಿದವರದು ಕೆಳಗ.
ಈಗ ಬಣ್ಣ ಬಳದಾರ, ಕೆನಿ ಬಣ್ಣ.
ನಾ ಇದನ್ನೆಲ್ಲ ಹೇಳಲಿಲ್ಲ. ಬಾಯಿ ತನಕ ಬಂದಿತ್ತು.

ಮಾಳಿಗಿ ಏರಿದರ ಗೋಳಗುಮ್ಮಟ ಕಾಣತದಂತ.
ಮೊಣಕಾಲು ಒಲ್ಲೆ ಅಂತು.

ನಡುವಿನ ಖೋಲಿಯಾಗ ಗಾಜಿನ ಪೆಟ್ಟಿಗಿ.
ಪೆಟ್ಟಿಗ್ಯಾಗ ನನ್ನ ಮಶೀನು.
ಕೆಳಗ ಹಿತ್ತಾಳಿ ಪಟ್ಟಿ:
ಮಾನ್ಯ ಅಧ್ಯಕ್ಷರು ಬಳಸುತ್ತಿದ್ದ ಬೆರಳಚ್ಚು ಯಂತ್ರ.
ಅವರು ಅದರ ಮ್ಯಾಲ ಟೊಪಗಿ ಇಡತಿದ್ದರು.
ಅದೂ ಒಂದು ಬಳಕಿನ.

ಹನ್ನೊಂದು ವರ್ಷ.
ಉಗುರಾಗ ರಿಬ್ಬನ್ನಿನ ಮಸಿ ಇಟಗೊಂಡ ರೊಟ್ಟಿ ಬಡದೀನಿ.
ಎಪ್ಪತ್ತೊಂದರಾಗ ಳ ಅಕ್ಷರದ ಕಡ್ಡಿ ಮುರೀತು.
ರಿಪೇರಿಗೆ ಹುಬ್ಬಳ್ಳಿಗೆ ಕಾಗದ ಹೊಡೀಬೇಕಂದ್ರ
ಹುಬ್ಬಳ್ಳಿಗೇ ಳ ಬೇಕು.
ಆಮ್ಯಾಲಿಂದ ಜಾಗ ಬಿಟ್ಟು ಹೊಡದು, ಕಾಗದ ತಗದು,
ಒಂದೊಂದೇ ಳ ಪೆನ್ನಿಲೆ ತುಂಬತಿದ್ದೆ,
ಕಾಳವ್ವಗ, ಬಾಳಪ್ಪಗ, ಮಾಳಿಂಗರಾಯಗ,
ಹೊಳಿಗೆ, ಹಳ್ಳಕ್ಕ,
ಕೊಳವಿ ಬಾವಿ ಮಂಜೂರಿಗೆ,
ಕಚೇರಿ ಖಾಲಿ ಆಗಿ ಸಿಪಾಯಿ ಕೀಲಿ ಅಲ್ಲಾಡಿಸೋ ತನಕ.
ನನ್ನ ಳದ ಬಾಲ ಉದ್ದ, ಬಲಕ್ಕ ಏರತದ.
ನಮ್ಮಪ್ಪ ಕಲಿಸಿದ್ದು, ತೊರವಿ ಸಾಲಿ ಮಾಸ್ತರ.

ಎದುರಿನ ಗ್ವಾಡಿಗೆ ಕಟ್ಟು ಹಾಕಿದ ನಾಕು ಕಾಗದ.
ಬಾಲ ನೋಡಿದ ಕೂಡಲೇ ಗುರುತು ಸಿಕ್ಕಿತು,
ಜಾತ್ರಿ ಗದ್ದಲದಾಗ ಕೂಸಿನ ಅಳು ಗುರುತು ಸಿಗೂ ಹಂಗ.
"ನೋಡ್ರಿ ಆಯಿ, ಎಷ್ಟು ಕಾಳಜಿ ಮನುಷ್ಯಾ!
ಪ್ರತಿ ಪತ್ರಾನೂ ಸ್ವಂತ ಕೈಯಿಂದ ತಿದ್ದತಿದ್ದರಂತ."
ಕಾಳಜಿ.
ಅದರಾಗೂ ಒಂದು.

ಹೆಂಗಸರು ಕಡೀಗೆ ಹೋಗೋ ಜಾಗ ಎಲ್ಲೈತಿ ತಂಗಿ, ಅಂದೆ.
ಬಲಕ್ಕ ಹೋಗ್ರಿ, ಕಟಾಂಜನ ದಾಟಿ.
ಅದು ಅವರ ಕಚೇರಿ ಖೋಲಿ.
ಅಲ್ಲಿ ಕುರ್ಚಿ ಒಂದೇ ಇತ್ತು; ನಾ ನಿಂತು ಬರಕೊಳ್ಳಾಕಿ.
ನಡುವ ಅವಸರ ಆದ್ರ ಹಿಂದಿನ ಓಣಿ
ಮಮದಾಪುರ ಅವರ ಮನಿಗೆ ಓಡತಿದ್ದೆ,
ಅವರತ್ತಿ ಮಾರಿ ನೋಡದಂಗ ಚರಿಗಿ ಇಸಗೋತಿದ್ದೆ.
ಈಗ ಬಿಳೇ ಟೈಲ್ಸು, ಕನ್ನಡಿ, ಬಾಗಲಿಗೆ ಚಿಲಕ.
ಅವಸರೇನೂ ಇರಲಿಲ್ಲ.
ಆದ್ರೂ ಒಳಗ ಹೋಗಿ ಚಿಲಕ ಹಾಕಿ
ಸಾವಕಾಶ ಕೂತೆ.
ಒಬ್ಬಾಕಿನ ನಕ್ಕೆ. ತಬಲಾ ಕೇಳತಿತ್ತು,
ಆ ಹುಡುಗ ಇನ್ನೂ ಒಂದು ಮಾತ್ರೆ ಹಿಂದ.

ಹೊರಗ ಬರೂ ಮುಂದ ಒಂದು ದಪ್ಪ ವಹಿ. ಅಭಿಪ್ರಾಯ ಬರೀರಿ.
ಬಹ ಅಂತ ಬರದೆ,
ಒಂದಕ್ಷರದ ಜಾಗ ಬಿಟ್ಟೆ,
ಚಲೋ ಐತಿ ಅಂತ ಮುಂದ ಹೋದೆ.
ಕೈ ತಾನೇ ಮಾಡಿದ್ದು.
ಆಮ್ಯಾಲ ತಿರುಗಿ ಬಂದು ತುಂಬಿದೆ, ಬಾಲ ಉದ್ದ ಎಳದು.
ಗೋದಾವರಿ ತೊರವಿ, ನಿವೃತ್ತ ಬೆರಳಚ್ಚುಗಾರ್ತಿ.

ರೇಷ್ಮಾ ವಹಿ ನೋಡಿದಳು.
ಆ ಕಟ್ಟು ಹಾಕಿದ ಕಾಗದದ ಕಡೆ ನೋಡಿದಂಗಾತು.
ಇಲ್ಲ, ಅಲ್ಲಿ ಗಡಿಯಾರ ಇತ್ತು, ಐದೂವರಿ.
"ಪೆನ್ನು ಅಲ್ಲೇ ಇಡ್ರಿ ಆಯಿ," ಅಂದಳು,
"ಲೆಕ್ಕದ್ದೈತಿ."